ತಮ್ಮಾ, ಗಾಡಿ ಹತ್ತುವವರು ಯಾರು ಅಂತ ಮೊದಲು ನೋಡು

ತಮ್ಮಾ,

ನಿನ್ನ ಮೆಸೇಜು ಬಂದಾಗ ನಾನು ಕಲಬುರಗಿಯಲ್ಲಿದ್ದೆ. ಶರಣಬಸವೇಶ್ವರರ ತೇರಿಗೆ ಅಂತ ಬಂದವಳು, ಇನ್ನೂ ಹತ್ತು ದಿನ ನನ್ನ ಅವ್ವನ ಮನೆಯಲ್ಲೇ ಇರುತ್ತೇನೆ. ಜನವರಿಯಲ್ಲಿ ಅಮೆರಿಕದ ಡೆನ್ವರ್‌ಗೆ ಬಂದು ಇಳಿದೆ, ಪಕ್ಕದ ಅರೋರಾದಲ್ಲಿ ಮನೆ ಸಿಕ್ಕಿತು, ದಿನಾ ಗೆಳೆಯನ ಕಾರಿನಲ್ಲಿ ಆಫೀಸಿಗೆ ಹೋಗೋದು ಸಾಕಾಗಿದೆ ಅಂತ ಬರೆದಿದ್ದೀಯ. ಹೆಚ್ಚು ಕಡಿಮೆ ಒಂದೇ ಬೆಲೆಗೆ ಎರಡು ಹಳೇ ಗಾಡಿ ನೋಡಿಟ್ಟಿದ್ದೀಯ. ಒಂದು 2021ರ ಸುಬಾರು ಔಟ್‌ಬ್ಯಾಕ್, ಉದ್ದನೆ ಕಾರಿನ ಥರದ್ದು. ಇನ್ನೊಂದು 2016ರ ಟೊಯೊಟಾ ಫೋರ್‌ರನ್ನರ್, ಎತ್ತರದ ಎಸ್‌ಯುವಿ. ಹಿಮಕ್ಕೆ, ಬೆಟ್ಟಕ್ಕೆ ಯಾವುದು ಸರಿ ಅಕ್ಕಾ ಅಂತ ನಿನ್ನ ಪ್ರಶ್ನೆ. ಕೊನೆಗೆ, ಮುಂದಿನ ವರ್ಷ ನಮ್ಮ ಅಪ್ಪ ಅವ್ವ ಬರ್ತಾರೆ ಅಂತ ಒಂದು ಸಾಲು. ನನ್ನ ಕಣ್ಣು ಆ ಸಾಲಿನ ಮೇಲೇ ನಿಂತಿತು.

ಔಟ್‌ಬ್ಯಾಕ್ ತಗೋ. ಯಾಕೆ ಅಂತ ಹೇಳುತ್ತೇನೆ.

ಮೊನ್ನೆ ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮ ಅಪ್ಪ ಕೂತ ಕೂಡಲೇ ಗಾಡಿ ಮಾತೇ ತೆಗೆದರು. "ಗಟ್ಟಿ ಗಾಡಿ ತಗೋ ಅಂತ ಹೇಳ್ರಿ ಅವನಿಗೆ, ಫಾರ್ಚುನರ್ ಹಂಗ ಇರಬೇಕು" ಅಂದರು. ಅವರು ಹಾಗೆ ಹೇಳುವುದಕ್ಕೆ ಕಾರಣ ಇದೆ. ನಮ್ಮದು ಎರೆ ಭೂಮಿ. ಹೊಲದ ದಾರಿಗೆ ಎರಡು ದೊಡ್ಡ ಮಳೆ ಬಿದ್ದರೆ ಗಾಲಿಗೆ ಮಣ್ಣು ಮೆತ್ತಿಕೊಂಡು ಕಾರು ಅಲ್ಲೇ ಕೂರುತ್ತದೆ. ಬೊಲೆರೊ, ಕ್ರೂಸರ್‌ನಲ್ಲಿ ಓಡಾಡಿದವರಿಗೆ ಒಳ್ಳೆ ಗಾಡಿ ಅಂದರೆ ಕೆಸರಿನಿಂದ ಕಿತ್ತುಕೊಂಡು ಹೊರಗೆ ಬರುವ ಗಾಡಿ. ಡೆನ್ವರಿನ ಮಂಜುಗಡ್ಡೆ ಮೇಲೆ ಗಾಡಿ ಹೇಗೋ ಹೊರಡುತ್ತದೆ. ಅದನ್ನು ನಿಲ್ಲಿಸುವುದೇ ಕಷ್ಟ.

ಇದು ನನಗೆ ಪೆಟ್ಟು ತಿಂದ ಮೇಲೆ ಗೊತ್ತಾಯಿತು. ನಾವು ಡೆನ್ವರ್‌ಗೆ ಬಂದ ಎರಡನೇ ವರ್ಷ ನಮ್ಮ ಮನೆಯವರು ಫೋರ್‌ರನ್ನರ್ ಥರದ್ದೇ, ಲಾರಿಯ ಹಾಗೆ ಕೆಳಗೆ ಬೇರೆ ಚಾಸಿ ಇರುವ ದೊಡ್ಡ ಎಸ್‌ಯುವಿ ತಂದರು. ನಾಲ್ಕೂ ಗಾಲಿ ಎಳೆಯುತ್ತವೆ, ಇನ್ನೇನು ಭಯ ಅಂದುಕೊಂಡೆ. ಒಂದು ದಿನ ಬೆಳಿಗ್ಗೆ ಇಳಿಜಾರಿನಲ್ಲಿ ಸಿಗ್ನಲ್ ಕೆಂಪಾಯಿತು. ಬ್ರೇಕ್ ಒತ್ತಿದೆ. ಕಾಲ ಕೆಳಗೆ ಕಟಕಟ ಸದ್ದು ಬಂತು, ಗಾಡಿ ಮಾತ್ರ ಜಾರುತ್ತಲೇ ಹೋಯಿತು. ಫುಟ್‌ಪಾತಿನ ಅಂಚಿಗೆ ಬಡಿದು ನಿಂತಿತು. ರಿಮ್ ಸೊಟ್ಟಗಾಯಿತು. ಹಿಂದೆ ಮಗು ಕೂತಿತ್ತು. ಆವತ್ತಿನ ಕೈ ನಡುಕ ನನಗೆ ಇವತ್ತಿಗೂ ನೆನಪಿದೆ.

ನಾಲ್ಕು ಗಾಲಿ ಎಳೆಯುವ ಗಾಡಿ ಹೊರಡುವಾಗ, ಏರುವಾಗ ನೆರವಿಗೆ ಬರುತ್ತದೆ. ಬ್ರೇಕ್ ಹಾಕಿದಾಗ ಅದರಿಂದ ಲಾಭ ಇಲ್ಲ. ಬ್ರೇಕ್ ಎಲ್ಲಾ ಕಾರಿನಲ್ಲೂ ನಾಲ್ಕೂ ಗಾಲಿಗೆ ಇರುತ್ತದಲ್ವಾ? ಅಲ್ಲಿ ಕೆಲಸ ಮಾಡುವುದು ಟೈರು ಮತ್ತು ತೂಕ. ಫೋರ್‌ರನ್ನರ್ ಔಟ್‌ಬ್ಯಾಕ್‌ಗಿಂತ ನಾಲ್ಕು ಕ್ವಿಂಟಲ್‌ಗೂ ಹೆಚ್ಚು ಭಾರ. ನಾಲ್ಕು ಚೀಲ ತೊಗರಿ ಸದಾ ಹೇರಿಕೊಂಡು ಓಡಾಡಿದ ಹಾಗೆ. ಎತ್ತರವೂ ಜಾಸ್ತಿ, ತಿರುವಿನಲ್ಲಿ ವಾಲುತ್ತದೆ. ಊರಿನ ಕೆಸರಿನಲ್ಲಿ ಬೇಕಾಗುವ ನೆಲದಿಂದ ಎತ್ತರದ ಲೆಕ್ಕ ನೋಡಿದರೆ ಔಟ್‌ಬ್ಯಾಕ್‌ಗೆ 22 ಸೆಂ.ಮೀ., ಫೋರ್‌ರನ್ನರ್‌ಗೆ 24. ಎರಡು ಬೆರಳಿನ ವ್ಯತ್ಯಾಸವೂ ಇಲ್ಲ.

ಇನ್ನೊಂದು ವಿಷಯ. ನೀನು ನೋಡಿರುವ ಫೋರ್‌ರನ್ನರ್‌ನ ಎಸ್‌ಆರ್-5 ಮಾಡೆಲ್ ಮಾಮೂಲಿ ರಸ್ತೆಯಲ್ಲಿ ಹಿಂದಿನ ಎರಡು ಗಾಲಿಯಿಂದಲೇ ಓಡುತ್ತದೆ. ಹಿಮ ಬಂದಾಗ ಲಿವರ್ ಎಳೆದು ಫೋರ್ ವೀಲ್‌ಗೆ ಹಾಕಬೇಕು. ಒಣ ರಸ್ತೆಯಲ್ಲಿ ಹಾಗೇ ಓಡಿಸುವಂತಿಲ್ಲ. ತಿರುಗುವಾಗ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಹೋಗಬೇಕು, ಆದರೆ ಫೋರ್ ವೀಲ್‌ನಲ್ಲಿ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿರುತ್ತದೆ. ಸ್ಟಿಯರಿಂಗ್ ಬಿಗಿಯುತ್ತದೆ, ಒಳಗಿನ ಭಾಗಗಳು ಸವೆಯುತ್ತವೆ. ಡೆನ್ವರಿನಲ್ಲಿ ಹಿಮ ಬಿದ್ದ ಮರುದಿನವೇ ಬಿಸಿಲು. ದೊಡ್ಡ ರಸ್ತೆ ಒಣಗಿರುತ್ತದೆ, ಮನೆ ನೆರಳಿನ ಓಣಿಯಲ್ಲಿ ಕಣ್ಣಿಗೆ ಕಾಣದ ಮಂಜುಗಡ್ಡೆ ಇರುತ್ತದೆ. ಹತ್ತು ನಿಮಿಷದ ದಾರಿಯಲ್ಲಿ ಎಷ್ಟು ಸಲ ಲಿವರ್ ಎಳೆಯುತ್ತೀಯ? ನಿನ್ನ ಹೆಂಡತಿ ಜೂನ್‌ನಲ್ಲಿ ಬಂದು ಡ್ರೈವಿಂಗ್ ಕಲಿಯುತ್ತಾಳೆ ಅಂದೆ. ಔಟ್‌ಬ್ಯಾಕ್‌ನಲ್ಲಿ ನಾಲ್ಕೂ ಗಾಲಿಗೆ ಶಕ್ತಿ ಸದಾ ಹೋಗುತ್ತಲೇ ಇರುತ್ತದೆ. ಅವಳು ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ.

ಪೆಟ್ರೋಲ್ ಲೆಕ್ಕ ಬೇಗ ಮುಗಿಸುತ್ತೇನೆ. ಔಟ್‌ಬ್ಯಾಕ್ ಗ್ಯಾಲನ್‌ಗೆ ಸುಮಾರು 29 ಮೈಲಿ ಕೊಡುತ್ತದೆ, ಅಂದರೆ ಲೀಟರಿಗೆ 12 ಕಿಲೋಮೀಟರ್. ಫೋರ್‌ರನ್ನರ್ 17–18 ಮೈಲಿ, ಲೀಟರಿಗೆ ಏಳೂವರೆ ಕಿಲೋಮೀಟರ್. ವರ್ಷಕ್ಕೆ 12,000 ಮೈಲಿ ಓಡಿಸಿದರೆ 250 ಗ್ಯಾಲನ್ ಉಳಿಯುತ್ತದೆ. ಗ್ಯಾಲನ್‌ಗೆ ಮೂರು ಡಾಲರ್ ಅಂತ ಹಿಡಿದರೂ 750 ಡಾಲರ್. ಆ ದುಡ್ಡಿನಲ್ಲಿ ಚಳಿಗಾಲದ ಟೈರು ಹಾಕಿಸು.

ಈ ಟೈರಿನ ಮಾತು ಮಾತ್ರ ದಯವಿಟ್ಟು ಸಡಿಲ ಮಾಡಬೇಡ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರಬೇಕು. ಮಾಮೂಲಿ ಟೈರಿನ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ, ಚಳಿಗಾಲದ ಟೈರು ಮೆತ್ತಗೇ ಇದ್ದು ರಸ್ತೆ ಹಿಡಿಯುತ್ತದೆ. ಬೆಟ್ಟದ ಕಡೆ ಹೋಗುವ ಐ-70 ಹೆದ್ದಾರಿಯಲ್ಲಿ ಮಾರಿಸನ್‌ನಿಂದ ಡೊಟ್ಸೆರೊವರೆಗೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಕಾನೂನೇ ಇದೆ. ನಾಲ್ಕು ಗಾಲಿ ಎಳೆಯುವ ಗಾಡಿಯಾದರೂ ಟೈರಿನ ಗೆರೆ ಒಂದು ಇಂಚಿನ ಹದಿನಾರರಲ್ಲಿ ಮೂರು ಪಾಲು ಆಳ ಇರಬೇಕು, ಸುಮಾರು 5 ಮಿ.ಮೀ. ಸವೆದ ಟೈರಿನಲ್ಲಿ ಸಿಕ್ಕಿಕೊಂಡು ದಾರಿ ಬಂದ್ ಮಾಡಿದರೆ ದಂಡ ಕಟ್ಟಬೇಕು.

ಔಟ್‌ಬ್ಯಾಕ್‌ಗೂ ಕೊರತೆ ಇದೆ. ಅದರ ನಾಲ್ಕು ಟೈರೂ ಒಂದೇ ಸಮ ಇರಬೇಕು. ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಡ್ರೈವ್ ಭಾಗ ಹಾಳಾಗುತ್ತದೆ. ಒಂದು ಟೈರಿನ ಪಕ್ಕ ಹರಿದರೆ ಕೆಲವು ಸಲ ನಾಲ್ಕೂ ಬದಲಿಸಬೇಕಾಗುತ್ತದೆ. ಕೊಳ್ಳುವ ಮುಂಚೆ ನಾಲ್ಕೂ ಒಂದೇ ಕಂಪನಿಯದ್ದಾ, ಸಮನಾಗಿ ಸವೆದಿವೆಯಾ ನೋಡು. ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇದೆ. ಹಿಮ ಬಿದ್ದಾಗ ಅಲ್ಲಿ ರಸ್ತೆಗೆ ಮರಳು ಚೆಲ್ಲುತ್ತಾರೆ, ಆಮೇಲೆ ಕಲ್ಲು ಸಿಡಿದು ಗಾಜು ಬಿರಿಯುವುದು ಮಾಮೂಲಿ. ಗಾಜು ಬದಲಿಸಿದರೆ ಕ್ಯಾಮೆರಾ ಮತ್ತೆ ಹೊಂದಿಸಬೇಕು, ಅದಕ್ಕೆ ಬೇರೆ ಖರ್ಚು. ಇನ್ಶೂರೆನ್ಸ್ ಮಾಡಿಸುವಾಗ ಗಾಜು ಮತ್ತು ಆಲಿಕಲ್ಲು ಎರಡೂ ಸೇರಿದೆಯಾ ಕೇಳು. ಬೇಸಿಗೆಯಲ್ಲಿ ಆ ಊರಿನ ಆಲಿಕಲ್ಲು ಕಾರಿನ ಮೈಯೆಲ್ಲಾ ಗುಳಿ ಬೀಳಿಸುತ್ತದೆ.

ಏರಿನಲ್ಲೂ ಔಟ್‌ಬ್ಯಾಕ್ ಏದುಸಿರು ಬಿಡುತ್ತದೆ. ಕಲಬುರಗಿ ಸಮುದ್ರ ಮಟ್ಟದಿಂದ 450 ಮೀಟರ್, ಡೆನ್ವರ್ 1,600, ಐ-70ರ ಐಸೆನ್‌ಹೋವರ್ ಸುರಂಗ 3,400 ಮೀಟರ್. ಅಷ್ಟು ಮೇಲೆ ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್‌ಗೆ ಮೂರನೇ ಒಂದು ಪಾಲು ಶಕ್ತಿ ಹೋಗುತ್ತದೆ. 182 ಕುದುರೆ ಶಕ್ತಿಯ ಔಟ್‌ಬ್ಯಾಕ್‌ಗೆ ಅದು ಗೊತ್ತಾಗುತ್ತದೆ, 270ರ ಫೋರ್‌ರನ್ನರ್‌ಗೆ ಅಷ್ಟಾಗಿ ಗೊತ್ತಾಗಲ್ಲ. ಬಲಗಡೆ ಲೇನ್‌ನಲ್ಲಿ ನಿಧಾನ ಹೋಗು, ಅಷ್ಟೇ. ಪೆಟ್ರೋಲ್ ಬಂಕಿನಲ್ಲಿ ಅಗ್ಗದ ನಳಿಕೆ ಮೇಲೆ 85 ಅಂತ ಇರುತ್ತದೆ, ಅದು ಪೆಟ್ರೋಲಿನ ಆಕ್ಟೇನ್ ದರ್ಜೆ. ಅದನ್ನು ಬಿಟ್ಟು 87 ಹಾಕಿಸು.

ಫೋರ್‌ರನ್ನರ್ ಕೆಟ್ಟ ಗಾಡಿ ಅಂತ ನಾನು ಹೇಳಲ್ಲ. ಆ ಆರು ಸಿಲಿಂಡರ್ ಎಂಜಿನ್ ಬಹಳ ಬಾಳಿಕೆ ಬರುತ್ತದೆ. ಮಾರುವಾಗಲೂ ಒಳ್ಳೆ ಬೆಲೆ ಬರುತ್ತದೆ, ಅದಕ್ಕೇ ಐದು ವರ್ಷ ಹಳೆಯದಾದರೂ ಇನ್ನೊಂದರ ಬೆಲೆಗೇ ನಿಂತಿದೆ. 5,000 ಪೌಂಡ್, ಅಂದರೆ ಸುಮಾರು 2,270 ಕೆಜಿ ಹಿಂದೆ ಕಟ್ಟಿ ಎಳೆಯುತ್ತದೆ. ಔಟ್‌ಬ್ಯಾಕ್ ಅದರ ಅರ್ಧ ಅಂತ ಇಟ್ಟುಕೋ. ಕೊಲರಾಡೊ ಬೆಟ್ಟದ ಯುರೇ (Ouray) ಅನ್ನೋ ಊರಿನ ಕಡೆಯ ಬಂಡೆಗಲ್ಲಿನ ಹಾದಿಗೆ ಲೋ ಗೇರ್ ಬೇಕೇ ಬೇಕು, ಅದು ಫೋರ್‌ರನ್ನರ್‌ನಲ್ಲಿದೆ. ನೀನು ದೋಣಿ ಎಳೆಯುತ್ತೀಯಾ? ವಾರ ವಾರ ಬಂಡೆ ಹತ್ತುತ್ತೀಯಾ? ಆಸೆಯಾದರೆ ವರ್ಷಕ್ಕೊಮ್ಮೆ ಅಲ್ಲೇ ಜೀಪ್ ಬಾಡಿಗೆಗೆ ಸಿಗುತ್ತದೆ.

ಈಗ ಆ ಕೊನೆಯ ಸಾಲಿಗೆ ಬರುತ್ತೇನೆ. ನಿಮ್ಮ ಮನೆಯಿಂದ ಹೊರಟಾಗ ನಿಮ್ಮ ಅವ್ವ ನನ್ನ ಜೊತೆ ಬಾಗಿಲ ತನಕ ಬಂದರು. ಕಟ್ಟೆಯ ಎರಡು ಮೆಟ್ಟಿಲು ಇಳಿಯಲು ಗೋಡೆ ಹಿಡಿದರು. ಮೊಣಕಾಲು ಅಷ್ಟು ನೋಯುತ್ತದೆ ಅಂತ ಫೋನಿನಲ್ಲಿ ನಿನಗೆ ಹೇಳಿರಲಿಕ್ಕಿಲ್ಲ.

ನನ್ನ ಅವ್ವ ಮೊದಲ ಸಲ ಬಂದಾಗ ನಮ್ಮ ಹತ್ತಿರ ಆ ದೊಡ್ಡ ಗಾಡಿಯೇ ಇತ್ತು. ಒಂದು ಕೈಯಲ್ಲಿ ಸೀರೆ ನಿರಿಗೆ, ಇನ್ನೊಂದು ಕೈಯಲ್ಲಿ ಬಾಗಿಲ ಹಿಡಿಕೆ. ಕಾಲು ಎತ್ತಲು ಆಗುತ್ತಿರಲಿಲ್ಲ. ನಮ್ಮ ಮನೆಯವರು ಹಿಂದೆ ಒಂದು ಮಣೆ ಇಟ್ಟುಕೊಂಡು, ಹತ್ತುವಾಗ ಇಳಿಯುವಾಗ ತೆಗೆದು ಕೊಡುತ್ತಿದ್ದರು. ಪಾರ್ಕಿಂಗ್‌ನಲ್ಲಿ ಜನ ನಿಂತು ದಾರಿ ಬಿಡುತ್ತಿದ್ದರು, ಅವ್ವಗೆ ಅದೇ ನಾಚಿಕೆ. ಒಂದು ತಿಂಗಳಾದ ಮೇಲೆ ಗುಡಿಗೂ ಬರಲ್ಲ ಅಂದಳು. ಆರು ತಿಂಗಳಿಗೆ ಅಂತ ಬಂದವಳು ಕಿಟಕಿ ಮುಂದೆ ಕೂತು ದಿನ ಕಳೆದಳು. ನನಗೆ ಅರ್ಥವಾಗುವಷ್ಟರಲ್ಲಿ ಅವಳು ಹೊರಡುವ ದಿನ ಬಂದಿತ್ತು. ಆಮೇಲೆ ಆ ಗಾಡಿ ಮಾರಿ ಔಟ್‌ಬ್ಯಾಕ್ ಥರದ ತಗ್ಗಿನ ವ್ಯಾಗನ್ ತಂದೆವು. ಎರಡನೇ ಸಲ ಬಂದಾಗ ಅವ್ವ ಸೀಟಿನ ಮೇಲೆ ಕುರ್ಚಿಯಲ್ಲಿ ಕೂತ ಹಾಗೆ ಕೂತು, ಕಾಲು ಒಳಗೆ ತಿರುಗಿಸಿಕೊಂಡಳು. ಮಣೆ ಬೇಕಾಗಲಿಲ್ಲ.

ಇಬ್ಬರ ನಾಲ್ಕು ದೊಡ್ಡ ಬ್ಯಾಗ್ ಇಡಲು ಫೋರ್‌ರನ್ನರ್‌ನಲ್ಲಿ ಜಾಗ ಜಾಸ್ತಿ, ಅದು ನಿಜ. ಔಟ್‌ಬ್ಯಾಕ್‌ನಲ್ಲಿ ಜಾಗ ಸಾಲದಿದ್ದರೆ ಒಂದು ಬ್ಯಾಗ್ ಮೇಲೆ ಕಟ್ಟು, ನಿನ್ನ ಕೈಗೇ ಎಟುಕುತ್ತದೆ.

ಸಾಲದ ಬಡ್ಡಿ ಹೊಸಬರಿಗೆ ಜಾಸ್ತಿ ಹಾಕುತ್ತಾರೆ, ಕ್ರೆಡಿಟ್ ಹಿಸ್ಟರಿ, ಅಂದರೆ ಹಿಂದೆ ಸಾಲ ತೀರಿಸಿದ ದಾಖಲೆ, ಇಲ್ಲ ಅಂತ. ನಮ್ಮ ಸಹಕಾರಿ ಬ್ಯಾಂಕಿನ ಹಾಗಿರುವ ಕ್ರೆಡಿಟ್ ಯೂನಿಯನ್‌ನಲ್ಲೂ ಕೇಳಿ ನೋಡು. ಮಾರುವವರ ಪರಿಚಯದ ಗ್ಯಾರೇಜ್ ಬೇಡ. ಬೇರೆ ಮೆಕ್ಯಾನಿಕ್ ಹತ್ತಿರ ಗಾಡಿ ಮೇಲೆತ್ತಿಸಿ ಅಡಿಭಾಗ ನೋಡಿಸಬೇಕು. ಹಿಮ ಕರಗಲಿ ಅಂತ ರಸ್ತೆಗೆ ಹಾಕುವ ಮೆಗ್ನೀಸಿಯಮ್ ಕ್ಲೋರೈಡ್ ಕಬ್ಬಿಣ ತಿನ್ನುತ್ತದೆ. ಅಪಘಾತದಲ್ಲಿ ಪೂರ್ತಿ ಜಖಂ ಆಗಿ ಮತ್ತೆ ಕಟ್ಟಿದ ಗಾಡಿಯಾದರೆ ಟೈಟಲ್‌ನಲ್ಲಿ, ಅಂದರೆ ಗಾಡಿಯ ಮಾಲೀಕತ್ವದ ಕಾಗದದಲ್ಲಿ ಬರೆದಿರುತ್ತದೆ, ಓದು.

ನಾನು ಬರುವ ತನಕ ಅಡ್ವಾನ್ಸ್ ಕೊಡಬೇಡ. ಬಂದ ಮೊದಲ ಭಾನುವಾರ ಇಬ್ಬರೂ ಹೋಗಿ ನೋಡೋಣ. ನಿಮ್ಮ ಅವ್ವ ನಿನಗೆ ಅಂತ ಶೇಂಗಾ ಹಿಂಡಿ, ಕಡಕ್ ರೊಟ್ಟಿ ಕಟ್ಟಿ ಕೊಟ್ಟಿದ್ದಾರೆ. ರೊಟ್ಟಿ ಮುರಿಯದ ಹಾಗೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬ್ಯಾಗಿನಲ್ಲಿ ಇಟ್ಟಿದ್ದೇನೆ.