ಬೀಳ್ಕೊಡದೆ ಕಳಿಸಿದ ಹುಡುಗರು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

"ನನಗೆ ನಿಜವಾಗಿ ಈ ಸೇವೆಗೆ ದೇವರ ಕರೆ ಇತ್ತಾ ಅಂತಲೇ ಅನುಮಾನ ಬಂದಿದೆ." ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಒಬ್ಬ ಕ್ರೈಸ್ತ ಸೇವಕರು ಕುರ್ಚಿಯಲ್ಲಿ ಕೂತ ಮೇಲೆ ಆಡಿದ ಮೊದಲ ಮಾತು ಅದು.

ವಯಸ್ಸು 35ರ ಆಸುಪಾಸು. 9 ವರ್ಷದಿಂದ ಉತ್ತರ ಕರ್ನಾಟಕದ ಒಂದು ಕಾಲೇಜು ಊರಿನಲ್ಲಿ ವಿದ್ಯಾರ್ಥಿಗಳ ನಡುವೆ ಸೇವೆ ಮಾಡುತ್ತಿದ್ದಾರೆ. ಬುಧವಾರ ಸತ್ಯವೇದ (ಬೈಬಲ್) ಅಧ್ಯಯನ, ಶುಕ್ರವಾರ ಪ್ರಾರ್ಥನಾ ಕೂಟ, ರಜೆ ಬಂದರೆ ಕ್ಯಾಂಪ್. ಹಾಸ್ಟೆಲ್ ಹುಡುಗರು ರಾತ್ರಿ 12ಕ್ಕೂ ಫೋನ್ ಮಾಡುತ್ತಾರೆ. ಬ್ಯಾಕ್‌ಲಾಗ್ ಉಳಿದಿದೆ, ಪ್ರೀತಿ ಮುರಿದಿದೆ, ಮನೆಯಲ್ಲಿ ಜಗಳ. ಈಚೆಗೆ ಫೋನ್ ರಿಂಗ್ ಆದರೆ ಸಾಕು, ಇವರಿಗೆ ಎದೆ ಹಿಡಿದ ಹಾಗಾಗುತ್ತಿತ್ತು. ಕೂಟದ ಬಾಗಿಲ ತನಕ ಹೋಗಿ ಬೈಕ್ ಮೇಲೆ ಹತ್ತು ನಿಮಿಷ ಸುಮ್ನೆ ಕೂತಿರುತ್ತಿದ್ದರು.

ತಮ್ಮ ಮಟ್ಟಿಗೆ ಮದ್ದೂ ಮಾಡಿಕೊಂಡಿದ್ದರು. ಉಪವಾಸ ಜಾಸ್ತಿ ಮಾಡಿದರು. ಬೆಳಗಿನ 4ಕ್ಕೆ ಎದ್ದು ಪ್ರಾರ್ಥನೆಗೆ ಕೂತರು. ಭಕ್ತಿಯನ್ನು ಮತ್ತೆ ಚಿಗುರಿಸುವ ಉಜ್ಜೀವನ ಕೂಟಕ್ಕೆ ಹೋಗಿ ಬಂದರು, ಹುರುಪು ನಾಲ್ಕು ದಿನ ಉಳಿಯಿತು. ದಣಿದ ಎತ್ತಿಗೆ ಬಾರುಕೋಲು ಬೀಸಿದರೆ ಎಷ್ಟು ದೂರ ನಡೆದೀತು? ಪ್ರಾರ್ಥನೆ ನನಗೂ ಪ್ರಿಯವೇ. ಆದರೆ ನಿದ್ದೆ ಕೆಟ್ಟವನಿಗೆ ಇನ್ನಷ್ಟು ನಿದ್ದೆ ಬಿಡು ಎನ್ನುವುದು ಭಕ್ತಿಯಲ್ಲ.

ಮೊದಲು ಊಟ, ನಿದ್ದೆ ವಿಚಾರಿಸಿದೆ. ಸಾಯುವ ಯೋಚನೆ ಬರುತ್ತಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. (ಓದುತ್ತಿರುವ ನಿಮಗೆ ಅಂಥ ಯೋಚನೆ ಬರುತ್ತಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.) ವೈದ್ಯರ ಬಳಿ ಹೋಗಿ ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ ಬರಲು ಹೇಳಿದೆ. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದೆಲ್ಲ ವ್ಯರ್ಥ ಅನ್ನಿಸುವುದು, ಈ ಮೂರನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ಕೆಲಸದ ಒತ್ತಡ ಇಳಿಯದೆ ಬರುವ ಬರ್ನ್‌ಔಟ್‌ನ ಗುರುತು ಎಂದು ಹೇಳಿದೆ. ಅದನ್ನು ಕಾಯಿಲೆ ಎಂದು ಕರೆದಿಲ್ಲ. ವಿಶ್ವಾಸದ ಕೊರತೆ ಎಂದಂತೂ ಅಲ್ಲವೇ ಅಲ್ಲ. ಇದನ್ನು ಕೇಳಿ ಅವರ ಭುಜ ಸ್ವಲ್ಪ ಇಳಿಯಿತು.

ಎರಡನೇ ಭೇಟಿಯಲ್ಲಿ, "ಯಾರಾದರೂ ಒಬ್ಬ ಹುಡುಗನ ಬಗ್ಗೆ ಹೇಳಿ" ಎಂದೆ. ತುಂಬ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಒಬ್ಬ ಇಂಜಿನಿಯರಿಂಗ್ ಹುಡುಗನ ಕಥೆ ಹೇಳಿದರು. ನಾಲ್ಕು ವರ್ಷ ಪ್ರತಿ ಭಾನುವಾರ ಇವರ ಮನೆಯಲ್ಲೇ ಊಟ. ಇವರ ಮಗಳಿಗೆ ಸೈಕಲ್ ಕಲಿಸಿದವನು. ಪುಣೆಯಲ್ಲಿ ಕೆಲಸ ಸಿಕ್ಕಿತು, ಹೋದ. ಈಗ ಮೆಸೇಜ್ ಹಾಕಿದರೆ ಒಂದು ಹೆಬ್ಬೆರಳಿನ ಗುರುತು ಬರುತ್ತದೆ, ಅಷ್ಟೇ. ಸಭೆಗೆ (ಚರ್ಚಿಗೆ) ಹೋಗುವುದನ್ನೂ ಬಿಟ್ಟಿದ್ದಾನಂತೆ. "ನಾನೇ ಎಲ್ಲೋ ತಪ್ಪಿದೆ" ಎಂದು ಅತ್ತರು.

ಕಾಲೇಜು ಸೇವೆಯ ಕಷ್ಟ ಇಲ್ಲೇ ಇದೆ ಎಂದು ನನ್ನ ನಂಬಿಕೆ. ಊರ ಪಾಸ್ಟರ್ ಒಂದೇ ಮನೆಯ ನಾಮಕರಣ, ಮದುವೆ, ಮಣ್ಣು ಎಲ್ಲವನ್ನೂ ನೋಡುತ್ತಾರೆ. ಇವರ ಹುಡುಗರಿಗೆ ಯಾವಾಗಲೂ 18, ಇವರಿಗೆ ಮಾತ್ರ ವಯಸ್ಸಾಗುತ್ತದೆ. ಗಟ್ಟಿಯಾದವರು ಮೇ ತಿಂಗಳಲ್ಲಿ ಹೊರಡುತ್ತಾರೆ, ಹೊಸಬರ ಹೆಸರು ಮತ್ತೆ ಮೊದಲಿಂದ ಕಲಿಯಬೇಕು. ತಿಂಗಳ ವರದಿಯಲ್ಲಿ ಎಷ್ಟು ಜನ ಬಂದರು ಎಂಬ ಕಾಲಂ ಇದೆ. ಹೋದವರಿಗೆ ಕಾಲಂ ಇಲ್ಲ.

ಬೈಬಲ್ಲಿನ ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯ ತೆಗೆಯಲು ಹೇಳಿದೆ. ಅಪೊಸ್ತಲ ಪೌಲ ಎಫೆಸ ಪಟ್ಟಣದವರ ಜೊತೆ ಇದ್ದದ್ದು ಮೂರು ವರ್ಷ, ಒಂದು ಡಿಗ್ರಿ ಮುಗಿಯುವಷ್ಟು ಕಾಲ. ಆಮೇಲೆ ಮಿಲೇತ ಎಂಬ ಬಂದರಿಗೆ ಎಫೆಸದ ಸಭೆಯ ಹಿರಿಯರನ್ನು ಕರೆಸಿ, ಮೊಣಕಾಲೂರಿ ಪ್ರಾರ್ಥಿಸಿ ಹೊರಡುತ್ತಾನೆ. ಅವರೆಲ್ಲ ಅವನ ಕೊರಳನ್ನು ತಬ್ಬಿ ಅಳುತ್ತಾರೆ, ಹಡಗಿನ ತನಕ ಬಂದು ಕಳಿಸುತ್ತಾರೆ. "ನೀವು ಯಾರನ್ನಾದರೂ ಹೀಗೆ ಕಳಿಸಿದ್ದೀರಾ?" ಎಂದೆ. ಇಲ್ಲ. ಪ್ರತಿ ವರ್ಷ ಆ ಹೊತ್ತಿಗೆ ಇವರು ಮುಂದಿನ ಕ್ಯಾಂಪಿನ ತಯಾರಿಯಲ್ಲಿ ಇರುತ್ತಿದ್ದರು.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ ಎಂದೆ. ಹೋದ ಒಬ್ಬೊಬ್ಬರ ಹೆಸರು ಬರೆಯಿರಿ, ಅವರಿಂದ ನಿಮಗೆ ಸಿಕ್ಕಿದ್ದನ್ನು ಬರೆಯಿರಿ, ಅಳು ಬಂದರೆ ಅಳಿ. ಪುಣೆಯ ಹುಡುಗನಿಗೆ ಬೈಬಲ್ ವಚನ ಕಳಿಸಬೇಡಿ, ಸಭೆಯ ಮಾತು ಎತ್ತಬೇಡಿ. "ಮಗಳು ನಿನ್ನನ್ನು ಕೇಳುತ್ತಿದ್ದಳು" ಅಂತ ಅಷ್ಟೇ ಬರೆಯಿರಿ. ರಾತ್ರಿ 10ರ ಮೇಲೆ ಫೋನ್ ಹೆಂಡತಿಯ ಕೈಗೆ. ತೀರಾ ತುರ್ತಾದರೆ ಅವರು ಎಬ್ಬಿಸುತ್ತಾರೆ. ಸೋಮವಾರ ರಜೆ. ಬುಧವಾರದ ಅಧ್ಯಯನವನ್ನು ಎರಡನೇ ವರ್ಷದ ಇಬ್ಬರಿಗೆ ಬಿಡಿ, ತಪ್ಪು ಮಾಡಿದರೂ ಪರವಾಗಿಲ್ಲ. ಈ ಕೊನೆಯದಕ್ಕೆ ಅವರು ಬೇಗ ಒಪ್ಪಲಿಲ್ಲ. ಮೂರು ವಾರ ಎಳೆದರು.

ಕರೆಯ ಪ್ರಶ್ನೆಗೆ ಉತ್ತರ ಹುಡುಕುವುದು ಸದ್ಯಕ್ಕೆ ಬೇಡ ಎಂದೆ. ಚೆನ್ನಾಗಿ ನಿದ್ದೆ ಮಾಡಿ ಆರು ತಿಂಗಳು ಕಳೆಯಲಿ, ಆಮೇಲೆ ಕೂತು ಮಾತಾಡೋಣ. ಸೇವೆ ಬಿಡುವುದಾದರೂ ಆಗ ನಿರ್ಧರಿಸಬಹುದು, ಅದರಲ್ಲಿ ಪಾಪವೇನಿಲ್ಲ.

ಮೇ ಕೊನೆಯಲ್ಲಿ ಫೋನ್ ಮಾಡಿದ್ದರು. ಕೊನೆಯ ವರ್ಷದ ಐವರನ್ನು ಮನೆಗೆ ಕರೆದು ಊಟ ಹಾಕಿದರಂತೆ. ಒಬ್ಬೊಬ್ಬರ ತಲೆ ಮೇಲೆ ಕೈಯಿಟ್ಟು ಹೆಸರು ಹಿಡಿದು ಪ್ರಾರ್ಥಿಸಿ, ಬಸ್ ಸ್ಟ್ಯಾಂಡಿನ ತನಕ ಹೋಗಿ ಕಳಿಸಿ ಬಂದರಂತೆ. ವಾಪಸ್ ಬರುವಾಗ ಬೈಕ್ ನಿಲ್ಲಿಸಿ ಅತ್ತೆ ಎಂದರು. ಪುಣೆಯಿಂದ ಇನ್ನೂ ಉತ್ತರ ಬಂದಿಲ್ಲ. ಬುಧವಾರದ ಅಧ್ಯಯನವನ್ನು ಆ ಇಬ್ಬರು ಹುಡುಗರೇ ನಡೆಸುತ್ತಿದ್ದಾರೆ, ಇವರು ಹಿಂದಿನ ಸಾಲಿನಲ್ಲಿ ಕೂರುತ್ತಾರೆ.