ವೇಲ್ಸ್‌ನ ಬ್ರಿನ್ ಕೆಥ್ಲಿ ದಿ: ಬರೀ ಗೋರಿಯೇ?

ಆಂಗಲ್‌ಸೀ ದ್ವೀಪದ ಈ ಕಲ್ಲುಕೋಣೆ ಸತ್ತವರನ್ನು ಇಡಲಿಕ್ಕಷ್ಟೇ ಕಟ್ಟಿದ್ದಾ ಅಂತ ಕೇಳಿದ್ದೀರಿ. ಅಷ್ಟೇ ಆಗಿರಲಾರದು.

ನವಶಿಲಾಯುಗದ ಈ ಗೋರಿಗೆ ಸುಮಾರು 5,000 ವರ್ಷ. ಒಳಗೆ ಸುಟ್ಟ ಮೂಳೆಗಳೂ ಸಿಕ್ಕಿವೆ, ಸುಡದವೂ ಸಿಕ್ಕಿವೆ. ಆದರೆ ಕಟ್ಟಿದವರ ಕಣ್ಣು ಸೂರ್ಯನ ಮೇಲೂ ಇತ್ತು. ಜೂನ್ 21ರ ಆಸುಪಾಸು, ವರ್ಷದ ಅತಿ ಉದ್ದದ ಹಗಲಿನಂದು, ಮೂಡುವ ಸೂರ್ಯನ ಬೆಳಕು ಇಕ್ಕಟ್ಟಾದ ಓಣಿಯಲ್ಲಿ ಸಾಗಿ ನೇರ ಕೋಣೆಯೊಳಗೆ ಬೀಳುತ್ತದೆ. ಇದು ಕಾಕತಾಳೀಯ ಅಂತ ನನಗನ್ನಿಸುವುದಿಲ್ಲ.

ಇನ್ನೂ ವಿಚಿತ್ರ ಅಂದರೆ ಕೋಣೆಯೊಳಗಿನ ಕಂಬ. ಆಳೆತ್ತರ, ಮೈ ನುಣುಪು, ದುಂಡಗೆ. ಚಾವಣಿಗೆ ತಾಗುವುದೇ ಇಲ್ಲ, ಹಾಗಾಗಿ ಭಾರ ಹೊರಲು ನಿಲ್ಲಿಸಿದ್ದಲ್ಲ. ಮತ್ಯಾಕೆ ಅನ್ನುವುದಕ್ಕೆ ಊಹೆಗಳಿಗೇನೂ ಬರವಿಲ್ಲ!

1928-29ರ ಉತ್ಖನನದಲ್ಲಿ ಕೋಣೆಯ ಹಿಂದೆ ಹಾವಿನಂತೆ ಹರಿದಾಡುವ ಗೆರೆಗಳ ಕೆತ್ತನೆಕಲ್ಲು ಸಿಕ್ಕಿತು. ಅಸಲಿ ಈಗ ಕಾರ್ಡಿಫ್‌ನ ಮ್ಯೂಸಿಯಂನಲ್ಲಿದೆ, ಸ್ಥಳದಲ್ಲಿರುವುದು ನಕಲು. ಕೋಣೆಯ ಮೇಲೆ ಈಗ ನೋಡಲು ಸಿಗುವ ಹಸಿರು ದಿಬ್ಬವೂ ಆಮೇಲೆ ಕಟ್ಟಿದ್ದೇ, ಮೂಲದ್ದು ಇನ್ನೂ ದೊಡ್ಡದಿತ್ತು.

ಸುತ್ತಲ ಹೊಲಗಳ ಬಂಡೆಗಳ ಮೇಲೆ ಜನ ಕೊರೆದ ಬಟ್ಟಲಿನಂಥ ಗುಳಿಗಳಿವೆ. ಪಕ್ಕದಲ್ಲೇ ಕಂಚಿನ ಯುಗದ ಗೋರಿದಿಬ್ಬವೂ ಇತ್ತು. ಅಂದರೆ ಸಾವಿರ ವರ್ಷ ಕಳೆದರೂ ಜನ ಈ ಜಾಗ ಬಿಟ್ಟಿರಲಿಲ್ಲ.