ಸಿಗ್ನಲ್‌ನಲ್ಲಿ ನಕ್ಕರೆ ತಪ್ಪಾ?

ಪ್ರಶ್ನೆ: ನನ್ನ ಆಫೀಸು ಕಾಡುಬೀಸನಹಳ್ಳಿ ಕಡೆ, ಮನೆ ಎಚ್‌ಎಸ್‌ಆರ್ ಲೇಔಟ್. ರಾತ್ರಿ ಒಬ್ಬಳೇ ಕಾರ್ ಓಡಿಸಿಕೊಂಡು ಬರ್ತೀನಿ. ಹೋದ ವಾರ ಔಟರ್ ರಿಂಗ್ ರೋಡ್ ಜಾಮ್‌ನಲ್ಲಿ ಪಕ್ಕದ ಕಾರಿನವನು ನೋಡಿ ನಕ್ಕ. ನಾನೂ ನಕ್ಕೆ. ಬೆಳ್ಳಂದೂರಿನಲ್ಲಿ ಮತ್ತೆ ಪಕ್ಕಕ್ಕೆ ಬಂದ, ಮತ್ತೆ ನಗು. ಸುಳ್ಳು ಯಾಕೆ ಹೇಳಲಿ, ಅಲ್ಲಿವರೆಗೆ ಖುಷಿಯೇ ಆಗಿತ್ತು. ಇಬ್ಬಲೂರು ಹತ್ತಿರ ಗ್ಲಾಸ್ ಇಳಿಸಿ ಫೋನ್ ನಂಬರ್ ಕೊಡು ಅಂತ ಸನ್ನೆ ಮಾಡಿದ. ಬೇಡ ಅಂತ ತಲೆ ಅಲ್ಲಾಡಿಸಿದೆ. ಆಮೇಲೆ ಹಿಂದೆ ಬಿದ್ದ. ಅಗರ ದಾಟಿ ನಮ್ಮ ಲೇಔಟ್ ಒಳಗೆ ತಿರುಗಿದರೂ ಡಿಪ್ಪರ್ ಹೊಡೆಯುತ್ತಾ ಬಂದ. ಮನೆ ಕಡೆ ಹೋಗದೆ ಪೆಟ್ರೋಲ್ ಬಂಕ್‌ಗೆ ಕಾರ್ ನುಗ್ಗಿಸಿದೆ. ಸ್ವಲ್ಪ ಹೊತ್ತು ಎದುರಿಗೇ ನಿಂತಿದ್ದು ಹೋದ. ಅಮ್ಮನಿಗೆ ಹೇಳಿಲ್ಲ, ಹೇಳಿದರೆ ಕಾರ್ ಕೀ ಕಿತ್ತಿಟ್ಟುಕೊಳ್ಳುತ್ತಾರೆ. ನಾನು ನಕ್ಕಿದ್ದೇ ತಪ್ಪಾಯ್ತಾ?
– ಹೆಸರು ಬೇಡ, ಎಚ್‌ಎಸ್‌ಆರ್ ಲೇಔಟ್

ಉತ್ತರ: ಇಲ್ಲಮ್ಮ, ನಿಮ್ಮದೇನೂ ತಪ್ಪಿಲ್ಲ. ಆ ರೋಡಲ್ಲಿ ಸಂಜೆ ಹೊತ್ತು ಅದೇ ನಾಲ್ಕು ಗಾಡಿಗಳು ಗಂಟೆಗಟ್ಟಲೆ ಅಕ್ಕಪಕ್ಕ ತೆವಳುತ್ತಿರುತ್ತವೆ, ಯಾರೋ ನಗುತ್ತಾರೆ, ನಾವೂ ನಗುತ್ತೇವೆ. ನೀವು ತಲೆ ಅಲ್ಲಾಡಿಸಿದಾಗಲೇ ಆ ನಗುವಿನ ಲೆಕ್ಕ ಮುಗಿಯಿತು. ಆಮೇಲೆ ನಡೆದದ್ದೆಲ್ಲ ಪೂರ್ತಿ ಅವನ ಮೇಲೆಯೇ.

ಮನೆಗೆ ಹೋಗದೆ ಬಂಕ್‌ಗೆ ಹೋದಿರಲ್ಲ, ಅದು ತುಂಬಾ ಒಳ್ಳೆಯ ಕೆಲಸ. ಮನೆ ಗೇಟ್ ತೋರಿಸಿಬಿಟ್ಟಿದ್ದರೆ ನಾಳೆಯೂ ಬರುತ್ತಿದ್ದ. ಇನ್ನೊಂದು ಸಲ ಯಾರಾದರೂ ಹಿಂದೆ ಬರುತ್ತಿದ್ದಾರೆ ಅನ್ನಿಸಿದರೆ ಹೀಗೆ ಮಾಡಿ. ನಿಮ್ಮ ಲೇಔಟ್‌ನಲ್ಲಿ ಮೇನು, ಕ್ರಾಸು ಎಲ್ಲ ಹೆಚ್ಚುಕಮ್ಮಿ ನೇರಕ್ಕಿವೆ. ಜನ ಓಡಾಡುವ ಬೀದಿಗಳಲ್ಲೇ ಎಡಕ್ಕೆ, ಮತ್ತೆ ಎಡಕ್ಕೆ, ಇನ್ನೂ ಒಂದು ಸಲ ಎಡಕ್ಕೆ ತಿರುಗಿ. ತಿರುಗಿ ಬಂದು ಸೇರುವುದು ಮೊದಲಿನ ರೋಡಿಗೇ. ಸುಮ್ನೆ ಮನೆಗೆ ಹೋಗುವವರು ಯಾರೂ ಹಾಗೆ ಸುತ್ತುವುದಿಲ್ಲ, ಆಗಲೂ ಹಿಂದೆಯೇ ಇದ್ದರೆ ಅನುಮಾನವೇ ಬೇಡ. ಡೋರ್ ಲಾಕ್ ಮಾಡಿ, ಗ್ಲಾಸ್ ಏರಿಸಿ, ಫೋನ್ ಸ್ಪೀಕರ್‌ನಲ್ಲಿಟ್ಟು 112ಕ್ಕೆ ಕರೆ ಮಾಡಿ. ಎಲ್ಲಿದ್ದೀರಿ, ಅವನ ಕಾರಿನ ಬಣ್ಣ ಏನು, ನಂಬರ್ ಏನು ಅಂತ ಹೇಳುತ್ತಲೇ ಬೆಳಕಿರುವ ಜಾಗಕ್ಕೆ ಹೋಗಿ. ಬಂಕ್, ಆಸ್ಪತ್ರೆಯ ಎಮರ್ಜೆನ್ಸಿ ಗೇಟ್, ಪೊಲೀಸ್ ಠಾಣೆ, ಯಾವುದಾದರೂ ಆಗುತ್ತದೆ. ಸಿಗ್ನಲ್‌ನಲ್ಲಿ ಮುಂದಿನ ಗಾಡಿಯ ಹಿಂದಿನ ಟೈರು ರೋಡಿಗೆ ತಾಗಿರುವುದು ಕಾಣುವಷ್ಟು ಜಾಗ ಬಿಟ್ಟು ನಿಲ್ಲಿಸಿ, ಪಕ್ಕಕ್ಕೆ ಹೊರಳಿಸಿಕೊಂಡು ಹೊರಡಲು ಆಗುತ್ತದೆ. ಕತ್ತಲಲ್ಲಿ ಹಿಂದಿನಿಂದ ತಾಗಿಸಿದರೂ ಅಲ್ಲೇ ಇಳಿಯಬೇಡಿ, ಇಂಡಿಕೇಟರ್ ಹಾಕಿಕೊಂಡು ಬೆಳಕಿಗೆ ಬಂದು ನಿಲ್ಲಿಸಿ, ಪೊಲೀಸರಿಗೆ ತಿಳಿಸಿ.

ದೂರು ಕೊಡಬೇಕಾ? ಅದೇ ಕಾರು ಮತ್ತೆ ಕಂಡರೆ ಖಂಡಿತ ಕೊಡಿ. ಬೇಡ ಅಂದಮೇಲೂ ಮತ್ತೆ ಮತ್ತೆ ಬೆನ್ನು ಹತ್ತಿ ಮಾತಾಡಿಸಲು ನೋಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು. ‘ಇದು ನಮ್ಮ ಲಿಮಿಟ್ಸ್ ಅಲ್ಲ’ ಅಂತ ಯಾರಾದರೂ ಹೇಳಿದರೆ ಝೀರೋ ಎಫ್‌ಐಆರ್ ಮಾಡಿ ಅಂತ ಕೇಳಿ, ಯಾವ ಠಾಣೆಯಲ್ಲಾದರೂ ದಾಖಲಿಸಲೇಬೇಕು.

ಅಮ್ಮನಿಗೆ ಹೇಳಿಬಿಡಿ. ಮೊದಲು ಭಯ ಬೀಳುತ್ತಾರೆ, ಬೈಯುತ್ತಾರೆ. ಆದರೆ ರಾತ್ರಿ ನೀವು ಲೊಕೇಶನ್ ಕಳಿಸಿದಾಗ ಅದನ್ನು ನೋಡುತ್ತಾ ಎಚ್ಚರವಿರುವವರು ಒಬ್ಬರು ಮನೆಯಲ್ಲಿ ಬೇಕಲ್ವಾ.

ಪ್ರಶ್ನೆ: ಬಿಟಿಎಂ ಹತ್ತಿರ ದಿನಾ ಬೆಳಗ್ಗೆ ಒಬ್ಬ ಹುಡುಗಿ ಸ್ಕೂಟರ್‌ನಲ್ಲಿ ಸಿಗುತ್ತಾಳೆ. ಒಂದೆರಡು ಸಲ ನಕ್ಕಿದ್ದಾಳೆ. ‘ಹಿಂದೆ ಹೋಗಿ ಆಫೀಸ್ ಎಲ್ಲಿ ಅಂತ ನೋಡು ಮಗಾ, ಇಲ್ಲಾಂದ್ರೆ ಗಾಡಿ ನಂಬರ್ ಹಾಕಿ ಹೆಸರು ಹುಡುಕು’ ಅಂತಾನೆ ಫ್ರೆಂಡು. ಏನು ಮಾಡಲಿ?
– ಬೈಕ್ ಸವಾರ, ಬನಶಂಕರಿ

ಉತ್ತರ: ಫ್ರೆಂಡ್ ಹೇಳಿದ ಎರಡನ್ನೂ ಮಾಡಬೇಡಪ್ಪ. ಮೇಲಿನ ಪತ್ರ ಓದು. ಆ ಕಾರಿನವನಿಗೂ ತಾನೇನೋ ಹೀರೋ ಅಂತಲೇ ಅನ್ನಿಸಿರಬೇಕು. ನೀನು ಬೈಕ್‌ನಿಂದ ಅವಳನ್ನು ನೋಡುವಾಗ ಸಿಗ್ನಲ್ ಒಂದು ಚೆಂದದ ಜಾಗ. ಅವಳಿಗೆ ಅಲ್ಲಿ ಮುಂದೆ ಬಸ್ಸು, ಪಕ್ಕದಲ್ಲಿ ಆಟೋ, ಹಿಂದೆ ಹಾರ್ನು. ಇಷ್ಟ ಇಲ್ಲ ಅಂದರೂ ಎದ್ದು ಹೋಗಲು ಆಗುವುದಿಲ್ಲ. ಹಾಗಾಗಿ ಅಲ್ಲಿ ನಂಬರ್ ಕೇಳುವುದು, ಚೀಟಿ ಕೊಡುವುದು ಯಾವುದೂ ಬೇಡ.

ಇನ್ನೊಂದು ಮಾತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬೈಕು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಮೂರು ಸೆಕೆಂಡ್ ಪಕ್ಕಕ್ಕೆ ತಿರುಗಿ ನಕ್ಕರೆ 33 ಮೀಟರ್ ಕಣ್ಣುಮುಚ್ಚಿ ಹೋದ ಹಾಗೆ, ನಮ್ಮ ಊರಿನಲ್ಲಿ ಅಷ್ಟರೊಳಗೆ ಒಂದು ಹಂಪು, ಒಂದು ಗುಂಡಿ, ದಾಟುತ್ತಿರುವ ಒಂದು ಅಜ್ಜಿ ಎಲ್ಲ ಬಂದುಬಿಡಬಹುದು.

ಎಲ್ಲಾದರೂ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ನಾಲ್ಕು ಜನರ ನಡುವೆ ದರ್ಶಿನಿಯಲ್ಲಿ ಕಾಫಿ ಕುಡಿಯುವಾಗ ತಾನಾಗಿ ಎದುರಾದರೆ ನಿನ್ನ ಹೆಸರು ಹೇಳಿ ಒಂದು ಸಲ ಮಾತಾಡಿಸು. ಅವಳು ಮುಖ ತಿರುಗಿಸಿದರೆ ಅಲ್ಲಿಗೆ ಬಿಡು. ಮಾರನೆಯ ದಿನದಿಂದ ಹತ್ತು ನಿಮಿಷ ಬೇಗ ಹೊರಡು.

ಪ್ರಶ್ನೆ: ಮಗಳ ಕಾರಿಗೆ ಒಳಗೆ ಯಾರಿದ್ದಾರೆ ಅಂತ ಕಾಣದ ಹಾಗೆ ಕಪ್ಪು ಫಿಲ್ಮ್ ಹಾಕಿಸಬಹುದಾ?
– ಒಬ್ಬ ತಾಯಿ, ವಿಜಯನಗರ

ಉತ್ತರ: ಬೇಡಿ. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜಿನಲ್ಲಿ 50% ಬೆಳಕು ಹಾಯಬೇಕು ಅಂತ ನಿಯಮ. ಅದಕ್ಕಿಂತ ಜಾಸ್ತಿ ಯೋಚಿಸಬೇಕಾದ್ದು, ಅವಳು ಒಳಗೆ ಕಷ್ಟದಲ್ಲಿದ್ದರೆ ಹೊರಗಿನವರಿಗೆ ಕಾಣಬೇಕು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಮುಂದೆ, ಹಿಂದೆ ಎರಡೂ ಕಡೆ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಹಾಕಿಸಿಕೊಡಿ.